ಹುಣಸೆ ಕಟ್ಟೆಯ ಮೇಲೆ ಕೂತವಳು

ಕೈ ಹಿಡಿದು ಬಳೆ ಏರಿಸುವಷ್ಟರಲ್ಲಿ ಅನುಸೂಯಾಬಾಯಿಗೆ ಆ ಮನೆಯ ಅರ್ಧ ಸಂಗತಿ ತಿಳಿದುಬಿಡುತ್ತಿತ್ತು. ಅಂಗೈ ಒರಟಾಗಿದ್ದರೆ ಮನೆಯಲ್ಲಿ ಅತ್ತಿಗೆ ಜೋರಿದ್ದಾಳೆ. ಉಗುರಿಗೆ ಬಣ್ಣವಿದ್ದರೆ ಅಪ್ಪನಿಗೆ ನೌಕರಿ ಇದೆ. ಬಳೆ ಒತ್ತುವಾಗ ಹುಡುಗಿ ಕಣ್ಣು ಮುಚ್ಚದೆ ನೆಟ್ಟಗೆ ನೋಡುತ್ತಿದ್ದರೆ, ಈ ಕೂಸನ್ನು ಮೂವರು ನೆಗೆಣ್ಣಿಯರಿರುವ ಮನೆಗೆ ಕೊಡಬಾರದು.

ನೌಬಾದದಲ್ಲಿ ಬಸ್ ನಿಲ್ಲುವ ಜಾಗದ ಎದುರಿಗೆ ಅವಳ ಅಂಗಡಿ. ಒಳಗೆ ಇಬ್ಬರು ಕೂತರೆ ಮೂರನೆಯವಳು ಹೊರಗೆ ನಿಂತು ಕೈ ಚಾಚಬೇಕು, ಅಷ್ಟು ಸಣ್ಣದು. ಗಂಡ ತೀರಿಕೊಂಡ ಮೇಲೆ ಅಂಗಡಿ ಅವಳದಾಯಿತು. ಅಂಗಡಿಯ ಜೊತೆಗೆ ಊರ ಹುಡುಗಿಯರ ಕೈಗಳೂ ಅವಳವಾದವು. ಕೈ ಸಿಕ್ಕ ಮೇಲೆ ಸಂಬಂಧ ಎಷ್ಟು ದೂರ? ಔರಾದದ ಹುಡುಗಿಯನ್ನು ಬೀದರಕ್ಕೆ, ಬೀದರದವಳನ್ನು ಭಾಲ್ಕಿಗೆ, ಭಾಲ್ಕಿಯವಳನ್ನು ಉದಗೀರಕ್ಕೆ ಸೇರಿಸುತ್ತ ಸೇರಿಸುತ್ತ, ಬಳೆ ವ್ಯಾಪಾರ ನೆಪಕ್ಕೆ ಉಳಿದು ಮದುವೆ ಕೂಡಿಸುವುದೇ ಅಸಲು ಕಸುಬಾಯಿತು. ಅದಕ್ಕೆ ಯಾರಾದರೂ ದಲ್ಲಾಳಿತನ ಎಂದರೆ ಅವಳಿಗೆ ಸಿಟ್ಟು. "ಪುಣ್ಯದ ಕೆಲಸ ಅದ," ಎನ್ನುತ್ತಿದ್ದಳು. ಪುಣ್ಯದ ಜೊತೆಗೆ ಒಂದು ಸೀರೆಯೂ ಬರುತ್ತಿತ್ತು. ಬಂದ ಸೀರೆಯನ್ನು ಬೇಡವೆಂದು ಅವಳು ಯಾರ ಮನಸ್ಸನ್ನೂ ನೋಯಿಸಿದವಳಲ್ಲ.

ಹೆಣ್ಣು ನೋಡುವುದು ಮನೆಯಲ್ಲೇ ನಡೆಯುತ್ತಿದ್ದಾಗ ಒಂದು ತೊಂದರೆಯಿತ್ತು. ಗಂಡಿನ ಕಡೆಯವರು ಜೀಪು ತುಂಬಿಕೊಂಡು ಬರುತ್ತಾರೆ, ಉಪ್ಪಿಟ್ಟು ತಿನ್ನುತ್ತಾರೆ, ಚಹಾ ಕುಡಿಯುತ್ತಾರೆ, "ಊರಿಗಿ ಹೋಗಿ ತಿಳಸ್ತೇವ್ರಿ" ಎಂದು ಎದ್ದು ಹೋಗುತ್ತಾರೆ. ತಿಳಿಸುವುದಿಲ್ಲ. ಆದರೆ ಓಣಿ ಲೆಕ್ಕ ಇಡುತ್ತಿರುತ್ತದೆ. ಮೂರನೆಯ ಸಲದ ಉಪ್ಪಿಟ್ಟಿಗೆ ಹುಡುಗಿಯ ಬೆಲೆ ಇಳಿಯುತ್ತದೆ, ಗಿರಾಕಿಗಳ ಮುಂದೆ ಪದೇ ಪದೇ ಬಿಚ್ಚಿ ಮಡಚಿದ ಬಟ್ಟೆಯ ಥಾನಿನ ಹಾಗೆ. ಬಟ್ಟೆ ಅದೇ, ನೂಲು ಅದೇ, ಮಡಿಕೆಯ ಗೆರೆ ಮಾತ್ರ ಹೋಗುವುದಿಲ್ಲ.

ಇದಕ್ಕೆ ಔಷಧಿ ಸಿಕ್ಕಿದ್ದು ಕೆಂಪುಮರಡಿ ವನದಲ್ಲಿ. ನೌಬಾದದಾಚೆ, ಬೇಸಾಯಕ್ಕೆ ಬಾರದ ಕೆಂಪು ಗುಡ್ಡಗಳ ಸಾಲನ್ನು ಅರಣ್ಯದವರು ತಂತಿ ಎಳೆದು, ಗಿಡ ನೆಟ್ಟು, ಒಳಗೆಲ್ಲ ಮೊರಮು ಹಾಸಿದ ಕಾಲುದಾರಿ ಮಾಡಿ, ಗೇಟಿಗೆ ಬಣ್ಣ ಹಚ್ಚಿದರು. ಸಕ್ಕರೆ ಕಾಯಿಲೆಯವರು ಬೆಳಗ್ಗೆ ಬಂದರು, ಕಾಲೇಜಿನವರು ಮಧ್ಯಾಹ್ನ ಬಂದರು. ಅನುಸೂಯಾಬಾಯಿಗೂ ಡಾಕ್ಟರರು ನಡೆಯಲು ಹೇಳಿದ್ದರು. ಉಳಿದವರು ಅಲ್ಲಿ ನವಿಲು ನೋಡಿದರು, ಜಿಂಕೆ ನೋಡಿದರು. ಅವಳು ದಾರಿ ನೋಡಿದಳು.

ಗೇಟಿನಿಂದ ಹೊರಟ ದಾರಿ ಎರಡು ಕವಲಾಗಿ, ದೊಡ್ಡ ಗುಡ್ಡವನ್ನು ಎರಡೂ ಕಡೆಯಿಂದ ಸುತ್ತಿ, ಆಚೆ ಬದಿಗೆ ಒಂದು ಹಳೆಯ ಹುಣಸೆಮರದ ಹತ್ತಿರ ಕೂಡುತ್ತದೆ. ಎಡಗಡೆಯದು ಸೀತಾಫಲದ ಗಿಡಗಳ ನಡುವೆ ಮೆಲ್ಲಗೆ ಇಳಿಯುವ ದಾರಿ, ನೆರಳಿನದು. ಬಲಗಡೆಯದು ಕಡಿದಾದ ಏರು, ಕೊನೆಗೆ ಮಾತ್ರ ಒಂದಿಷ್ಟು ಇಳಿಜಾರು. ಹೆಣ್ಣಿನವರು ಎಡಕ್ಕೆ, ಗಂಡಿನವರು ಬಲಕ್ಕೆ. ಹುಡುಗಿಗೆ ಬೆವರಿಲ್ಲ, ಮುಖ ಬಾಡಿಲ್ಲ. ಗಂಡಿನ ಕಡೆಯವರು ಏದುಸಿರು ಬಿಡುತ್ತ ಬರುತ್ತಾರೆ, ಏದುಸಿರಿನವರಿಗೆ ತಪ್ಪು ಹುಡುಕುವ ತ್ರಾಣ ಇರುವುದಿಲ್ಲ. ಹುಣಸೆಮರದ ಕೆಳಗೆ ಇಬ್ಬರೂ ಅಕಸ್ಮಾತ್ತಾಗಿ ಎದುರಾಗುತ್ತಾರೆ. "ಓಹೋ, ನೀವೂ ವಾಕಿಂಗ್ ಬಂದೀರೇನ್ರಿ?" ಅಲ್ಲಿಂದ ಮಾತು. ಮನಸ್ಸಿಗೆ ಬಂದರೆ ಎರಡೂ ಮನೆಯವರು ಕೂಡಿ ವಾಪಸು ನಡೆಯುತ್ತಾರೆ. ಬಾರದಿದ್ದರೆ ಗಂಡಿನ ತಾಯಿ, "ಬಿಸಲ ಭಾಳ ಆತ್ರಿ," ಎಂದು ಮುಂದೆ ಸಾಗುತ್ತಾಳೆ. ಅಷ್ಟಕ್ಕೇ ಅರ್ಥ. ಉಪ್ಪಿಟ್ಟಿಲ್ಲ, ಓಣಿಯ ಲೆಕ್ಕವಿಲ್ಲ, ಹುಡುಗಿಯ ಮೈಮೇಲೆ ಗೆರೆಯಿಲ್ಲ. ನಿಜ ಹೇಳಬೇಕೆಂದರೆ ಅದೊಂದು ಉಪಕಾರವೇ. ಎಷ್ಟೋ ತಾಯಂದಿರು ಅನುಸೂಯಾಬಾಯಿಯ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದರು.

ಈ ವ್ಯವಹಾರದ ಗುಟ್ಟು ಪೂರ್ತಿ ಗೊತ್ತಿದ್ದ ಹೊರಗಿನವನೆಂದರೆ ಆಟೋ ಅಯ್ಯುಬ ಒಬ್ಬನೇ. ಎರಡೂ ಕಡೆಯವರನ್ನು ತಂದು ಇಳಿಸುವವನು ಅವನೇ.

"ಬಾಯಿ, ಇವತ್ತ ಎಡಗಡಿ ಪಾರ್ಟಿ ಏನ್ ಬಲಗಡಿ ಪಾರ್ಟಿ?" ಎಂದು ಕೇಳುತ್ತಿದ್ದ.

"ನಿನಗ್ಯಾಕ ಬೇಕೋ? ಗಾಡಿ ಹೊಡಿ."

"ಬಲಗಡಿಯವರಿದ್ರ ಜರಾ ಗುಂಡಿ ಒಳಗ ಹಾಕಿ ಹಾಕಿ ಹೊಡೀತೇನಿ. ಇನ್ನೂ ದಣೀತಾರ."

"ನೀ ನನ್ನಕಿಂತ ಹುಷಾರ ಇದ್ದಿ, ಭಾಡ್ಯಾ," ಎಂದು ಅವಳು ನಗುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯ ಮಾಲನ್ನು ಯಾರು ಬೇಕಾದರೂ ಮಾರುತ್ತಾರೆ. ಕುಂದಿದ್ದ ಮಾಲನ್ನು ದಾಟಿಸುವುದರಲ್ಲೇ ವ್ಯಾಪಾರಿಗೆ ಅಭಿಮಾನ.

ಸಂತಪುರದ ಶಶಿಕಲಾ ಅಂಥವಳು. ಗೋಧಿ ಬಣ್ಣ, ಚೆಂದದ ಮುಖ, ಡಿಗ್ರಿ ಓದಿದವಳು. ಬಲಗಾಲು ಮಾತ್ರ ಹುಟ್ಟಾ ತುಸು ಗಿಡ್ಡ. ನಿಂತರೆ ಗೊತ್ತಾಗುವುದಿಲ್ಲ, ನಡೆದರೆ ಒಂದು ಕಡೆಗೆ ವಾಲುತ್ತಾಳೆ. ಅವಳ ಅಪ್ಪ ಅವಳನ್ನು ಅಂಗಡಿಗೆ ಕರೆತಂದ. ಅನುಸೂಯಾಬಾಯಿ ಹುಡುಗಿಯ ಕೈ ಹಿಡಿದು ಬಳೆ ಏರಿಸುತ್ತ, "ನಡೀಲಿಕ್ಕ ಬರಲಿಲ್ಲಂದ್ರ ಕೂಡ್ಲಿಕ್ಕ ಬರ್ತದಲ್ಲ?" ಎಂದಳು.

ಹುಣಸೆಮರದ ಸುತ್ತ ಕೆಂಪುಕಲ್ಲಿನ ಕಟ್ಟೆಯಿದೆ. ದೀಪಾವಳಿಯ ಹಿಂದುಮುಂದಿನ ದಿನಗಳವು, ಗೇಟಿನ ಹೊರಗೆ ಹೆಂಗಸರು ಸೀತಾಫಲ ಮಾರುತ್ತಿದ್ದರು. ಗಂಡಿನವರು ಬರುವ ಮೊದಲೇ ಶಶಿಕಲಾಳನ್ನು ಆ ಕಟ್ಟೆಯ ಮೇಲೆ ಕೂರಿಸಿ, ಸೀರೆಯ ನಿರಿಗೆಯನ್ನು ಪಾದದ ಮೇಲೆ ಹರಡಿ, ಮಡಿಲಿನಲ್ಲಿ ಒಂದು ಬುಟ್ಟಿ ಸೀತಾಫಲ ಇಟ್ಟಳು. ಮಡಿಲು ತುಂಬಿದ ಹುಡುಗಿ ಹಿರಿಯರನ್ನು ಕಂಡು ಏಳದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೂತಲ್ಲಿಂದಲೇ ಹಣ್ಣು ಕೊಟ್ಟಳು, ಕೂತಲ್ಲಿಂದಲೇ ನಕ್ಕಳು. ಹುಡುಗಿ ಅವರ ಮನಸ್ಸಿಗೆ ಬಂದಳು, ಆದರೂ ಈ ಸಲ ಕೂಡಿ ನಡೆಯಲಿಲ್ಲ; ಗಂಡಿನವರು ಮೊದಲು ಹೋಗುವುದು ಮರ್ಯಾದೆ ಎಂದಳು ಅನುಸೂಯಾಬಾಯಿ, ಅವರು ಹೋದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಹುಡುಗಿ ಎದ್ದಳು. ಮದುವೆಯಲ್ಲಿ ಎರಡೂ ಕಡೆ ಸೋದರತ್ತೆಯರು ತೋಳು ಹಿಡಿದಿದ್ದರು. ನಿಧಾನದ ನಡಿಗೆಯನ್ನು ಮಂದಿ ನಾಚಿಕೆ ಎಂದುಕೊಂಡರು.

ಗಂಡ ಸಂಜುಕುಮಾರ ಭಾಲ್ಕಿಯವನು. ಮದುವೆಯಾದ ಮೇಲೆ ಮಾಳಿಗೆಗೆ ಹಪ್ಪಳ ಒಣಗಹಾಕಲು ಸೊಸೆ ಮೆಟ್ಟಿಲು ಹತ್ತಿದ ಬೆಳಗ್ಗೆಯೇ ಅತ್ತೆಯ ಕಣ್ಣಿಗೆ ಬಿತ್ತು. ಓಣಿಯೆಲ್ಲ ಕೂಡಿತು. "ಮುಚ್ಚಿ ಕೊಟ್ಟಾರ." ಮುಂದಿನ ದೀಪಾವಳಿಗೆ ಶಶಿಕಲಾ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಕರೆಯಲು ಯಾರೂ ಬರಲಿಲ್ಲ. ಸಂತಪುರದಲ್ಲಿ ಎಲ್ಲರ ಕಣ್ಣೂ ಕಾಲಿನ ಮೇಲೇ ಇರುತ್ತಿದ್ದುದರಿಂದ ಅವಳು ನೌಬಾದಕ್ಕೆ ಬಂದು ಒಂದು ಕೋಣೆ ಹಿಡಿದು ಬ್ಲೌಸ್ ಹೊಲಿಯತೊಡಗಿದಳು. ಹೊಲಿಗೆ ಮಷೀನಿನ ಮುಂದೆ ಕೂತ ಹೆಣ್ಣಿನ ಕಾಲನ್ನು ಯಾರೂ ನೋಡುವುದಿಲ್ಲ.

ಅನುಸೂಯಾಬಾಯಿಗೆ ಮಗಳೊಬ್ಬಳಿದ್ದಳು, ಕರುಣಾ. ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ನೇರವಾಗಿ ಹೋಗುತ್ತಿದ್ದುದು ಶಶಿಕಲಾಳ ಕೋಣೆಗೆ. ಅಲ್ಲಿ ಗುಂಡಿ ಹಚ್ಚುತ್ತ, ಕಾಜಾ ಮಾಡುತ್ತ ಕೂತಿರುತ್ತಿದ್ದಳು. ಇದು ತಾಯಿಗೆ ಸರಿಬರುತ್ತಿರಲಿಲ್ಲ.

"ಅವ್ವಾ, ಒಮ್ಮೆ ಶಶಕ್ಕನ ಹತ್ರ ಹೋಗಿ ಬಾ," ಎಂದಳು ಕರುಣಾ ಒಂದು ದಿನ, ರೊಟ್ಟಿ ತಿನ್ನುತ್ತ.

"ಯಾಕ? ನನ್ನ ಬ್ಲೌಸ್ ಎಲ್ಲಾ ಛಲೋ ಅವ."

"ತಿಳದೂ ತಿಳೀದಂಗ ಮಾಡಬ್ಯಾಡ."

"ನಾ ಏನ್ ಸುಳ್ಳ ಹೇಳೀನಿ? ಕಾಲ್ ಹ್ಯಾಂಗ ಅದ ಅಂತ ಅವರು ಕೇಳಿದ್ರೇನು? ಕೇಳಿದ್ರ ಹೇಳ್ತಿದ್ದೆ. ಅವರು ಕೇಳಲಿಲ್ಲ."

"ಕೇಳಬಾರ್ದು ಅಂತನೇ ಕಟ್ಟಿ ಮ್ಯಾಲ ಕುಂಡ್ರಿಸಿದ್ದಿ."

"ಬಳಿ ತಗೊಂಡು ಹೋಗೋರು ಬೆಳಕಿಗಿ ಹಿಡದು ನೋಡಿ ತಗೋಬೇಕು. ಮನಿಗಿ ಹೋಗಿ ಬಿರುಕ ಅದ ಅಂದ್ರ ಅಂಗಡಿಯವಳ ತಪ್ಪೇನು?"

ಕರುಣಾ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಿನ್ನ ಮುಂದ ಯಾರ್ ಗೆಲ್ತಾರ," ಎಂದಷ್ಟೇ ಹೇಳಿದಳು.

ಊರಿಗೆಲ್ಲ ಮದುವೆ ಮಾಡಿಸುವವಳ ಮಗಳು ಮದುವೆಯಾಗದೆ ಉಳಿದರೆ ಊರು ಸುಮ್ಮನಿರುವುದಿಲ್ಲ. ಕರುಣಾಳ ಓರಗೆಯವರ ಮಕ್ಕಳು ಅವಳ ಶಾಲೆಗೇ ಬರತೊಡಗಿದ್ದರು. ಬಂದ ಸಂಬಂಧಗಳನ್ನೆಲ್ಲ ಅನುಸೂಯಾಬಾಯಿಯೇ ಬೇಡವೆಂದಿದ್ದಳು. ಈ ವ್ಯಾಪಾರದಲ್ಲಿ ಎಷ್ಟು ಕಲಬೆರಕೆ ಇದೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಒಬ್ಬನಿಗೆ ಕುಡಿತ, ಒಬ್ಬನಿಗೆ ಅವ್ವನ ಭಯ, ಒಬ್ಬನ ನೌಕರಿ ಕಾಗದದ ಮೇಲೆ ಮಾತ್ರ. ಇದೆಲ್ಲ ದಾಟಿ ಬಂದವನು ಭಾಲ್ಕಿಯ ಅಖೀಲ. ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸ. ತಂದೆ ಬಸವಣ್ಣೆಪ್ಪನದು ಗೊಬ್ಬರದ ಅಂಗಡಿ. ಅನುಸೂಯಾಬಾಯಿ ನಾಲ್ಕು ಕಡೆ ವಿಚಾರಿಸಿ, ಅಂಗಡಿಯ ಮುಂದೆ ಎರಡು ಸಲ ಸುಮ್ಮನೆ ಹಾದು ಹೋಗಿ, ಕೊನೆಗೆ ಹೂಂ ಎಂದಳು.

ಕರುಣಾಳಿಗೂ ಮನಸ್ಸಿತ್ತು. ಅಖೀಲ ಫೋನಿನಲ್ಲಿ ಮಾತಾಡುತ್ತಿದ್ದ. "ಮದುವಿ ಆದಮ್ಯಾಲ ನಿಮ್ಮವ್ವನ ಹತ್ರ ಮೊದಲ ನಾನೇ ಬಳಿ ಹಾಕಸ್ಕೋತೇನಿ, ನನ್ನ ಕೈ ನೋಡಿ ಏನ್ ಹೇಳ್ತಾರ ನೋಡಮಿ," ಎಂದು ಅವನು ಅಂದಾಗ ಕರುಣಾ ಬಾಯಿಗೆ ಸೆರಗು ಹಿಡಿದು ನಕ್ಕಿದ್ದನ್ನು ತಾಯಿ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ಆ ನಗು ಕೇಳಿ ಅವಳಿಗೆ ಕಣ್ಣು ತುಂಬಿತ್ತು. ಇಷ್ಟು ವರ್ಷ ಬೇರೆಯವರ ಹುಡುಗಿಯರಿಗೆ ಹೇಗೆ ನಗಬೇಕೆಂದು ಕಲಿಸಿದವಳು. ಕಲಿಸದೆ ಬಂದ ನಗುವನ್ನು ಕೇಳಿದ್ದು ಕಡಿಮೆ. ಈ ಮದುವೆಯೊಂದು ಆಗಿಬಿಟ್ಟರೆ ತನ್ನ ಬದುಕಿನಲ್ಲಿ ಇನ್ನೇನೂ ಬೇಡವೆಂದು ಅವಳು ದೇವರ ಮುಂದೆ ಹೇಳಿಕೊಂಡಳು. ಹೇಳಿಕೊಳ್ಳುವಾಗ ಯಾವ ಶರತ್ತನ್ನೂ ಸೇರಿಸಲಿಲ್ಲ, ಅದೂ ಅವಳ ಮಟ್ಟಿಗೆ ಹೊಸದು.

ಮಗಳನ್ನು ಮಾತ್ರ ವನದಲ್ಲಿ ತೋರಿಸುವ ಮನಸ್ಸು ಅವಳಿಗಿರಲಿಲ್ಲ. "ಮನಿಗೇ ಬರ್ರಿ ಬಾಯೋರೆ, ಹಗಲ ಹೊತ್ತಿನ್ಯಾಗ ಬರ್ರಿ. ಎಲ್ಲಾ ನೋಡ್ರಿ," ಎಂದು ಅಖೀಲನ ತಾಯಿ ಅಂಜನಾಬಾಯಿಗೆ ಫೋನು ಮಾಡಿದಳು.

ಅತ್ತಲಿಂದ ಸಕ್ಕರೆಯಂಥ ದನಿ ಬಂತು. "ಇಲ್ರಿ ಅಕ್ಕೋರೆ. ನೀವು ಎಲ್ಲಾರಿಗೂ ಆ ವನದಾಗೇ ತೋರಸ್ತೀರಂತ. ನಮಗೂ ಅಲ್ಲೇ ತೋರಸ್ರಿ. ಹುಡುಗಿ ನಮ್ಮ ಸಂಗಟ ಒಂದ್ ಸುತ್ತ ನಡೀಲಿ. ಮನ್ಯಾಗ ಏನದ? ಬರ್ತಾರ, ಚಹಾ ಕೊಡ್ತಾರ, ಕುಂದರ್ತಾರ."

ಕೊನೆಯ ಮಾತಿನಲ್ಲಿ ಒಂದು ಮುಳ್ಳಿತ್ತು. ಅಂಜನಾಬಾಯಿಯ ಮನೆ ಸಂಜುಕುಮಾರನ ಓಣಿಯಲ್ಲೇ ಇತ್ತು. ಅನುಸೂಯಾಬಾಯಿಗೆ ಅದು ಗೊತ್ತಿತ್ತು, ಹಳೆಯ ಮಾತು ಮಂದಿ ಮರೆತಿರಬಹುದು ಎಂದುಕೊಂಡಿದ್ದಳು. ಆದರೆ ಅಂಜಲಿಲ್ಲ. ನೋಡಲಿ. ಕರುಣಾ ಹೊರಟ ಬಸ್ಸಿನ ಹಿಂದೆ ಓಡಿ ಹತ್ತುವ ಹುಡುಗಿ. ಮೊದಲ ಬಾರಿಗೆ ಅನುಸೂಯಾಬಾಯಿಯ ಕೈಯಲ್ಲಿ ಒಂದೂ ಬಿರುಕಿಲ್ಲದ ಮಾಲಿತ್ತು. ಬಿಸಿಲಿಗೆ ಹಿಡಿದು ನೋಡಲಿ, ಬಡಿದು ನೋಡಲಿ.

ಎಳ್ಳಮಾವಾಸ್ಯೆ ಮುಗಿದ ಮೇಲಿನ ಭಾನುವಾರ ಗೊತ್ತಾಯಿತು. ಅಮಾವಾಸ್ಯೆಯ ದಿನ ಪರಿಚಯದವರ ಹೊಲ ಹೊಲ ಅಲೆದು, ಎಲ್ಲರ ಮನೆಯ ಭಜ್ಜಿ, ಅಂಬಲಿ ಉಂಡು ಬಂದಿದ್ದ ಅನುಸೂಯಾಬಾಯಿಯ ಮೊಣಕಾಲು ಬಾತಿತ್ತು. ಆದರೂ ಬೆಳಗ್ಗೆ ಎದ್ದು ಮಗಳ ಎರಡೂ ಕೈಗೆ ಹಸಿರು ಬಳೆ ಏರಿಸಿದಳು. ಆಟೋದಲ್ಲಿ ಕೂತಾಗ ಹೇಳಿದಳು:

"ಹುಣಸಿ ಕಟ್ಟಿ ಮ್ಯಾಲ ಮಾತ್ರ ಕೂಡಬ್ಯಾಡ."

"ಯಾಕ?" ಎಂದಳು ಕರುಣಾ, ಗೊತ್ತಿದ್ದೇ.

"ಹೇಳಿದಂಗ ಕೇಳು."

ಅಯ್ಯುಬ ಕನ್ನಡಿಯಲ್ಲಿ ನೋಡಿದ. "ಇವತ್ತ ನಮ್ಮ ಮನೀ ಮದುವಿ ಬಾಯಿ. ಫಿಕರ್ ಮಾಡಬ್ಯಾಡ್ರಿ. ಭಾಲ್ಕಿಯವರನ ನಾ ಸಂಭಾಳಿಸಿ ತರ್ತೇನಿ." ಅವರನ್ನು ಗೇಟಿಗೆ ಇಳಿಸಿ, ಬಸ್ಸಿಗೆ ಬರುವ ಭಾಲ್ಕಿಯವರನ್ನು ಕರೆತರಲು ವಾಪಸು ಹೋದ.

ತಾಯಿ ಮಗಳು ಎಡದಾರಿ ಹಿಡಿದರು. ಸೀತಾಫಲದ ಗಿಡಗಳು ಎಲೆ ಉದುರಿಸಿ ಬರೀ ಕಡ್ಡಿಯಾಗಿದ್ದವು. ಮೊರಮಿನ ಮೇಲೆ ಚಳಿಯ ಬಿಸಿಲು. ಎಲ್ಲೋ ನವಿಲು ಕೂಗಿತು, ಕರುಣಾ ಅದೇ ದನಿಯಲ್ಲಿ ತಿರುಗಿ ಕೂಗಿದಳು. "ಹುಚ್ಚಿ," ಎಂದು ತಾಯಿ ನಕ್ಕಳು. ನಗುತ್ತಲೇ ಇಳಿಜಾರಿನಲ್ಲಿ ಹೆಜ್ಜೆ ಜಾರಿತು, ಬೀಳಲಿಲ್ಲ, ಆದರೆ ಬಾತಿದ್ದ ಮೊಣಕಾಲು ಹಿಡಿದುಕೊಂಡಿತು. ಮಗಳ ಹೆಗಲಿನ ಮೇಲೆ ಕೈ ಹಾಕಿ ಹೇಗೋ ಹುಣಸೆಮರದ ತನಕ ಬಂದಳು. ಅಲ್ಲಿ ಕಾಲು ಮುಂದೆ ಹೋಗಲಿಲ್ಲ.

"ಕುಂದ್ರು," ಎಂದು ಕರುಣಾ ಅವಳನ್ನು ಕಟ್ಟೆಯ ಮೇಲೆ ಕೂರಿಸಿದಳು. ತಾನೂ ಪಕ್ಕಕ್ಕೆ ಕೂತು, ಅವಳ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು.

"ನೀ ಏಳು. ನೀ ಕೂಡಬ್ಯಾಡ," ಎಂದಳು ತಾಯಿ.

"ಅವರು ಏರ ಹತ್ತಿ ಬರಲಿಕ್ಕ ಇನ್ನೂ ಹೊತ್ತದ. ಸುಮ್ಮ ಇರು, ಬಾವು ಎಷ್ಟ ಬಂದದ ನೋಡು."

ಏರು ಹತ್ತಿ ಬರುವವರಾಗಿದ್ದರೆ ಹೊತ್ತಿತ್ತು. ಆದರೆ ಅಯ್ಯುಬ, ಅನುಸೂಯಾಬಾಯಿಯ ಬೀಗರಾಗುವವರು ಎಂಬ ಪ್ರೀತಿಯಿಂದ, ಬಸವಣ್ಣೆಪ್ಪನಿಗೆ ದಮ್ಮಿನ ತೊಂದರೆಯಿದೆ ಎಂದು ಕೇಳಿ, ಕಾವಲುಗಾರನಿಗೆ ಹೇಳಿ ಹಿಂದಿನ ಗೇಟು ತೆಗೆಸಿ, ನೀರಿನ ಟ್ಯಾಂಕರ್ ಬರುವ ಸಪಾಟು ದಾರಿಯಲ್ಲಿ ಅವರನ್ನು ತಂದು ಹುಣಸೆಮರದ ಬೆನ್ನಿಗೇ ಇಳಿಸಿದ್ದ. ಯಾರಿಗೂ ಏದುಸಿರಿರಲಿಲ್ಲ. ಎಲ್ಲರ ಕಣ್ಣೂ ಚುರುಕಾಗಿದ್ದವು.

"ಓಹೋ," ಎಂದಿತು ಹಿಂದಿನಿಂದ ಸಕ್ಕರೆಯ ದನಿ. "ಇದೇ ಏನ್ರಿ ಆ ಕಟ್ಟಿ?"

ಅನುಸೂಯಾಬಾಯಿ ಕಾಲು ಎಳೆದುಕೊಂಡಳು. "ಬರ್ರಿ ಬರ್ರಿ. ನಂದ್ರಿ, ನಂದ್ ಕಾಲ್ ಹಿಡದಿತ್ತು. ಅದಕ್ಕ ಕುಂತೇವಿ."

"ಯಾರದರೇ ಇರಲಿ ಬಿಡ್ರಿ." ಅಂಜನಾಬಾಯಿ ಕಟ್ಟೆಯ ಕಲ್ಲನ್ನು ಕೈಯಿಂದ ಸವರಿ ನೋಡಿದಳು, ಸೀರೆಯ ನೇಯ್ಗೆ ನೋಡುವಂತೆ. "ನಮ್ಮ ಓಣ್ಯಾಗ ಸಂಜುಕುಮಾರ ಅಂತ ಇದ್ದಾನ್ರಿ. ಅವನ ಹೆಂಡ್ತಿನೂ ಇಲ್ಲೇ ಕುಂತಿದ್ದಳಂತ. ಮಡಿಲಾಗ ಸೀತಾಫಲ ಇಟ್ಕೊಂಡು. ಭಾಳ ಛಂದ ಕಾಣ್ತಿದ್ದಳಂತ."

ಕರುಣಾ ಏಳಲು ಹೋದವಳು ಆ ಹೆಸರು ಕೇಳಿ ಹಾಗೇ ಕೂತಳು.

"ಯವ್ವಾ, ತಪ್ಪ ತಿಳ್ಕೋಬ್ಯಾಡ," ಅಂಜನಾಬಾಯಿ ಅವಳ ಕಡೆ ತಿರುಗಿದಳು. "ಒಂದ್ ನಾಕ್ ಹೆಜ್ಜಿ ನಡದ್ ತೋರಸು. ಆ ನವಿಲಿನ ಬೋರ್ಡ್ ತನಕ ಹೋಗಿ ಬಾ, ಸಾಕು."

ಬಸವಣ್ಣೆಪ್ಪ ಕೆಮ್ಮಿದ. "ಏ, ಏನ್ ದನದ ಬಾಜಾರ ಮಾಡಿದಿ? ಬಿಡು."

"ನೀವ್ ಸುಮ್ಮ ಇರ್ರಿ. ಸಂಜುನ ಅಪ್ಪನೂ ಹಿಂಗೇ ಬಿಡು ಅಂದಿದ್ದ."

ಅನುಸೂಯಾಬಾಯಿಗೆ ಆ ಕ್ಷಣ ಸಿಟ್ಟು ಬರಲಿಲ್ಲ. ಖುಷಿಯೇ ಆಯಿತು. ಇಷ್ಟೇ ತಾನೆ? "ನಡಿ ಕರುಣಾ! ಬೇಕಾದ್ರ ಓಡಿ ತೋರಸು. ನೋಡ್ರಿ ಬಾಯೋರೆ, ನೀವೇ ನೋಡ್ರಿ. ಎರಡೂ ಕಾಲ್ ನೋಡ್ರಿ!"

ಕರುಣಾ ತಾಯಿಯನ್ನು ನೋಡಲಿಲ್ಲ. ಅಖೀಲನನ್ನು ನೋಡಿದಳು. ಫೋನಿನಲ್ಲಿ ಅಷ್ಟು ಮಾತಾಡುತ್ತಿದ್ದವನು ಮರದ ನೆರಳಿನ ಅಂಚಿನಲ್ಲಿ ನಿಂತಿದ್ದ. ಅವನ ಕಣ್ಣು ಅವಳ ಪಾದದ ಮೇಲಿತ್ತು. ಅವಳು ಕಾದಳು. ಒಂದು ಮಾತು ಸಾಕಿತ್ತು. ತಮಾಷೆಯ ಮಾತಾದರೂ ಆಗುತ್ತಿತ್ತು.

"ಅವ್ವ ಅಂತಾಳಲ್ಲ," ಎಂದ ಅವನು, ಪಾದಕ್ಕೇ ಹೇಳುವಂತೆ. "ಒಂದ್ ಸಲ ನಡದ್ರ ಆತು."

ಕರುಣಾ ಎದ್ದಳು. ಹಿಂಬದಿಯ ಧೂಳು ಕೊಡವಿಕೊಂಡಳು. ಸೀರೆಯ ನಿರಿಗೆಯನ್ನು ತುಸು ಎತ್ತಿ ಹಿಡಿದು ನಡೆದಳು.

ಬಲಗಾಲು ಊರಿದಾಗ ಮೈ ಆ ಕಡೆಗೆ ವಾಲಿತು. ಎಡಗಾಲು ಬಂದು ಎತ್ತಿ ನಿಲ್ಲಿಸಿತು. ಮತ್ತೆ ಬಲಗಾಲು, ಮತ್ತೆ ವಾಲು. ಅವಸರವಿಲ್ಲ. ಮೊರಮು ಒಂದು ಹೆಜ್ಜೆಗೆ ಜೋರಾಗಿ, ಒಂದು ಹೆಜ್ಜೆಗೆ ಮೆಲ್ಲಗೆ ಸದ್ದು ಮಾಡಿತು. ನವಿಲಿನ ಬೋರ್ಡಿನ ತನಕ ಹೋಗಿ, ತಿರುಗಿ, ಹಾಗೆಯೇ ವಾಪಸು ಬಂದಳು. ಆ ನಡಿಗೆಯನ್ನು ಅನುಸೂಯಾಬಾಯಿ ಗುರುತಿಸಿದಳು. ಅದು ಶಶಿಕಲಾಳ ನಡಿಗೆ. ಭುಜ ತುಸು ಮೇಲೇರುವುದು, ಎಡಗೈ ಹೊರಗೆ ಬೀಸುವುದು, ಒಂದನ್ನೂ ಬಿಟ್ಟಿರಲಿಲ್ಲ. ಎಷ್ಟೋ ಸಂಜೆ ಜೊತೆಗೆ ನಡೆದವಳಿಗಷ್ಟೇ ಅದು ಬರಲು ಸಾಧ್ಯ.

ಅಂಜನಾಬಾಯಿ ಚಳಿಗೆ ಹೊದ್ದಿದ್ದ ಶಾಲನ್ನು ಕೊರಳಿಗೆ ಎಳೆದುಕೊಂಡು ಹೇಳಿದಳು:

"ಬಿಸಲ ಭಾಳ ಆತ್ರಿ."

"ನಾಟಕ ಮಾಡ್ಲಕತ್ತಾಳ್ರಿ!" ಅನುಸೂಯಾಬಾಯಿ ಏಳಲು ಹೋದಳು, ಮೊಣಕಾಲು ಬಿಡಲಿಲ್ಲ. "ಆಣಿ ಮಾಡಿ ಹೇಳ್ತೇನಿ, ಆಕಿ ಕಾಲ್ ಹಂಗಿಲ್ಲ! ಏ ಕರುಣಾ, ನೆಟ್ಟಗ ನಡಿಯೇ! ನೋಡ್ರಿ, ಒಂದ್ ಸಲ ನಿಂದರ್ರಿ!"

"ನಾಟಕ ನಮಗೂ ತಿಳೀತದ್ರಿ ಅಕ್ಕೋರೆ," ಎಂದಳು ಅಂಜನಾಬಾಯಿ, ದನಿಯಲ್ಲಿನ ಸಕ್ಕರೆ ಕರಗದಂತೆ. "ಭಾಲ್ಕಿಯವರು ಒಂದ್ ಸಲ ನೋಡೇವಿ." ಗಂಡನ ತೋಳು ಹಿಡಿದು ಹೊರಟಳು. ಅಖೀಲ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ. ಆಗಲೂ ನೋಡಿದ್ದು ಪಾದವನ್ನೇ.

ಅವರು ಮರೆಯಾದ ಮೇಲೆ ಕರುಣಾ ನೆಟ್ಟಗೆ ನಡೆದು ಬಂದು ತಾಯಿಯ ಮುಂದೆ ನಿಂತಳು.

"ಯಾಕ ಹಿಂಗ ಮಾಡಿದಿ? ನಿನ್ನ ಬಾಳೇ ಹಾಳ ಮಾಡ್ಕೊಂಡೆಲ್ಲೇ!"

"ಅವರು ಕಾಲ್ ನೋಡ್ಲಕ ಬಂದಿದ್ರು. ಕಾಲ್ ತೋರಸಿದೆ."

"ಸುಳ್ಳ ತೋರಸಿದಿ!"

"ಶಶಕ್ಕನ ಕಾಲ್ ಹ್ಯಾಂಗ ಅದ ಅಂತ ಅವತ್ತ ಅವರಿಗಿ ತೋರಿಸಿದ್ದಿಲ್ಲ ನೀ. ಇವತ್ತ ನಾ ತೋರಸೀನಿ. ಏಳು, ಹೆಗಲ ಹಿಡಕೋ."

ಆಟೋದಲ್ಲಿ ಕರುಣಾ ಹೊರಗೆ ಮುಖ ಮಾಡಿ ಕೂತಿದ್ದಳು. ಸರಳು ಹಿಡಿದ ಅವಳ ಕೈಯಲ್ಲಿ ಹಸಿರು ಬಳೆ ಗಲಗಲ ಅನ್ನುತ್ತಿದ್ದವು. ಅವಳು ಅಳುತ್ತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಊರ ಕೈಗಳನ್ನೆಲ್ಲ ಓದುವವಳು ಆ ಕೈಯನ್ನು ನೌಬಾದದ ತನಕ ನೋಡುತ್ತಲೇ ಬಂದಳು, ಒಂದಕ್ಷರ ಹತ್ತಲಿಲ್ಲ.

ಅನುಸೂಯಾಬಾಯಿ ಕೈಕಟ್ಟಿ ಕೂರುವವಳಲ್ಲ. ಅಯ್ಯುಬನನ್ನೇ ಭಾಲ್ಕಿಗೆ ಕಳಿಸಿದಳು. ಅವನು ಗೊಬ್ಬರದ ಅಂಗಡಿಯ ಮುಂದೆ ನಿಂತು, "ಅಲ್ಲಾನ ಆಣಿ, ನನ್ನ ಕಣ್ಣಾರೆ ನೋಡೀನ್ರಿ ಸಾವ್ಕಾರ, ಪೋರಿ ಬಸ್ ಹಿಂದ ಓಡ್ತಾಳ," ಎಂದ. ಬಸವಣ್ಣೆಪ್ಪ ಅವನಿಗೆ ಚಹಾ ತರಿಸಿ ಕೊಟ್ಟು, "ನೀ ಆ ಬಾಯೋರ ಆಟೋದವನೇ ಅಲ್ಲಾ?" ಎಂದು ಮೆತ್ತಗೆ ಕೇಳಿದ. ಅಯ್ಯುಬ ಚಹಾ ಕುಡಿದು ವಾಪಸು ಬಂದ.

ಕರುಣಾಳೂ ಕುಂಟುತ್ತಾಳೆಂಬ ಮಾತು ಔರಾದಕ್ಕೆ ಮುಟ್ಟಿತು, ಬೀದರಕ್ಕಂತೂ ಅದೇ ದಿನ ಮುಟ್ಟಿತ್ತು. ಅನುಸೂಯಾಬಾಯಿ ಮಗಳನ್ನು ಪೇಟೆಗೆ ಕರೆದುಕೊಂಡು ಹೋಗಿ ಎಲ್ಲರ ಮುಂದೆ ನಡೆಸಿದಳು. ಮಂದಿ ನೋಡಿದರು, ಹೌದೌದು ಎಂದು ತಲೆಯಾಡಿಸಿದರು. ಯಾರಾದರೂ ಬಾಯಿಬಿಟ್ಟು ಕೇಳಿದರೆ ಇಲ್ಲ ಎಂದು ಹೇಳಬಹುದಿತ್ತು. ಅಂಗಡಿಯ ಮುಂದೆ ನಿಂತು ಕೈ ಚಾಚಿದ ಹೆಂಗಸರು ಬಳೆಯ ಬಣ್ಣ ಕೇಳಿದರು, ಮಳೆ ಕೇಳಿದರು, ಅವಳ ಮೊಣಕಾಲು ಹೇಗಿದೆ ಎಂದು ಕೂಡ ಕೇಳಿದರು. ಅದೊಂದನ್ನು ಯಾರೂ ಕೇಳಲಿಲ್ಲ.

ಅಖೀಲನಿಗೆ ಬೇರೆ ಕಡೆ ಮದುವೆಯಾಯಿತು. ಕರುಣಾಳಿಗೆ ಸಂಬಂಧ ಬರುವುದು ನಿಂತಿತು. ಅವಳು ಶಾಲೆ ಬಿಟ್ಟ ಮೇಲೆ ಶಶಿಕಲಾಳ ಜೊತೆ ಕೆಂಪುಮರಡಿ ವನಕ್ಕೆ ಹೋಗತೊಡಗಿದಳು. ಇಬ್ಬರೂ ಪೂರ್ತಿ ಸುತ್ತು ಹಾಕುತ್ತಿದ್ದರು, ಏರಿನ ದಾರಿಯಿಂದಲೇ. ಡಾಕ್ಟರರ ಮಾತಿಗಾಗಿ ಅನುಸೂಯಾಬಾಯಿಯೂ ಒಮ್ಮೊಮ್ಮೆ ಅಯ್ಯುಬನ ಆಟೋದಲ್ಲಿ ಹಿಂದಿನ ಗೇಟಿನಿಂದ ಬಂದು ಹುಣಸೆ ಕಟ್ಟೆಯ ಮೇಲೆ ಕೂರುತ್ತಿದ್ದಳು. ಈಗ ಅವಳಿಗೆ ಬೇರೆ ಜಾಗವಿರಲಿಲ್ಲ, ಕಾಲು ಮುಂದೆ ಹೋಗುತ್ತಿರಲಿಲ್ಲ.

ಒಂದು ಸಂಜೆ ಅವಳು ಹಾಗೆ ಕೂತಿದ್ದಾಗ ಔರಾದ ಕಡೆಯ ಇಬ್ಬರು ಹೆಂಗಸರು ಬಂದು ಪಕ್ಕದಲ್ಲಿ ನಿಂತರು. ಅವಳ ಗುರುತು ಅವರಿಗಿರಲಿಲ್ಲ. ಎದುರಿನ ಇಳಿಜಾರಿನಲ್ಲಿ ಶಶಿಕಲಾ ವಾಲುತ್ತ ಬರುತ್ತಿದ್ದಳು. ಪಕ್ಕದಲ್ಲಿ ಕರುಣಾ, ಕೈ ಬೀಸಿ, ನೆಟ್ಟಗೆ, ಏನೋ ಹೇಳಿ ನಗುತ್ತ.

"ಅಕಿ ನೋಡ, ಸಂತಪುರದಾಕಿ. ಪಾಪ, ಖರೆ ಕಾಲಿಲೇ ನಡೀತಾಳ," ಎಂದಳು ಒಬ್ಬಳು.

"ಇನ್ನೊಬ್ಬಾಕಿ?"

"ಬಳಿ ಅಂಗಡಿಯಾಕಿ ಮಗಳಲ್ಲಾ? ಅಕಿದೂ ಅದೇ ಕಾಲು."

"ಹೌದಾ! ಗೊತ್ತೇ ಆಗಲ್ದಲ್ಲ."

"ಗೊತ್ತಾಗ್ತದೇನು? ಅವರವ್ವ ಕಲಿಸ್ಯಾಳ. ಎಷ್ಟ್ ಛಂದ ಮುಚ್ಚತಾಳ ನೋಡು."

ಇಬ್ಬರೂ ದಣಿದಿದ್ದರು, ಕೂರಲು ಜಾಗ ಹುಡುಕುತ್ತಿದ್ದರು. ಅನುಸೂಯಾಬಾಯಿ ಬಾತ ಕಾಲನ್ನು ಎರಡೂ ಕೈಯಿಂದ ಎತ್ತಿ ಇತ್ತ ಇಟ್ಟುಕೊಂಡು, ಕಟ್ಟೆಯ ಮೇಲೆ ತುಸು ಸರಿದು ಅವರಿಗೆ ಜಾಗ ಮಾಡಿಕೊಟ್ಟಳು.